ಪಿಲ್ಲರಿಗೆ ನೀರು, ಜಟ್ಟೆಮ್ಮನಿಗೆ ಬಾಯಾರಿಕೆ

ದೊಮ್ಮಲೂರು ಫ್ಲೈಓವರಿನ ಮೇಲೆ ಆಫೀಸು ಕ್ಯಾಬುಗಳ ಸಾಲು ಇನ್ನೂ ಶುರುವಾಗಿಲ್ಲ. ಹಿಂದಿನ ಗಲ್ಲಿಯಲ್ಲಿ, ಅರ್ಧ ಕಟ್ಟಿದ ಕಟ್ಟಡವೊಂದರ ನೆತ್ತಿಯ ಮೇಲೆ, ಒಬ್ಬ ಹೆಂಗಸು ಪೈಪು ಹಿಡಿದು ನಿಂತಿದ್ದಾರೆ. ಸೀರೆಯ ಮೇಲೆ ಗಂಡನ ಹಳೇ ಅಂಗಿ, ತಲೆಗೆ ಟವೆಲ್, ಬರಿಗಾಲು. ಮೊನ್ನೆ ಹಾಕಿದ ಸ್ಲ್ಯಾಬಿನ ಮೇಲೆ ಸಣ್ಣ ಸಣ್ಣ ಬದು ಕಟ್ಟಿ, ಭತ್ತದ ಮಡಿಗೆ ನಿಲ್ಲಿಸಿದ ಹಾಗೆ ನೀರು ನಿಲ್ಲಿಸಿದ್ದಾರೆ. ಮಡಿ ತುಂಬಿದ ಮೇಲೆ ಪಿಲ್ಲರುಗಳ ಸರದಿ. ಪ್ರತಿ ಪಿಲ್ಲರಿಗೂ ಗೋಣಿತಟ್ಟು ಸುತ್ತಿದೆ. ತಟ್ಟು ತೊಯ್ದು ತೊಟ್ಟಿಕ್ಕುವವರೆಗೆ ನೀರು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಹೊಸ ಕಾಂಕ್ರೀಟು ಒಣಗಬಾರದು. ಒಣಗಿದರೆ ಬಲ ಕೂಡುವುದಿಲ್ಲ. ಮೇಸ್ತ್ರಿಗಳು ಇದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ಪೈಪು ಹಿಡಿದ ಜಟ್ಟೆಮ್ಮ ಇದನ್ನು ‘ನೀರು ಹೊಡಿಯೋದು’ ಎನ್ನುತ್ತಾರೆ.

ಮೂಲೆಯ ಪಿಲ್ಲರಿನ ಹತ್ತಿರ ಜಟ್ಟೆಮ್ಮ ನಿಲ್ಲುತ್ತಾರೆ. ಎಡಗೈ ಎದೆಗೆ ಹೋಗುತ್ತದೆ. ಬಲಗೈಯ ಪೈಪು ಮಾತ್ರ ಪಿಲ್ಲರಿನಿಂದ ಆಚೆ ಸರಿಯುವುದಿಲ್ಲ.

“ತಡೀರಿ ಒಂದೀಟು. ಎದ್ಯಾಗ ಕೋಳಿಮರಿ ಹೊಕ್ಕದ. ರೆಕ್ಕಿ ಬಡೀಲಿಕತ್ತದ. ತಾನ ಸುಮ್ಕಾಗ್ತದ್ರಿ.”

ಸುಮ್ಮನಾಗುವುದಿಲ್ಲ. ಅವರು ಸುಮ್ಮನಾಗಿ ಮುಂದಿನ ಪಿಲ್ಲರಿಗೆ ಹೋಗುತ್ತಾರೆ, ಅಷ್ಟೆ.

ಈ ಕೋಳಿಮರಿಗೆ ಆಸ್ಪತ್ರೆಯವರು ಇಟ್ಟ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಎರಡು ಕೋಣೆಗಳು ಬಡಿಯುವುದನ್ನು ಬಿಟ್ಟು ಅದುರತೊಡಗುತ್ತವೆ. ತಾಳ ತಪ್ಪುತ್ತದೆ, ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದುರುವ ಕೋಣೆಯಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಜಟ್ಟೆಮ್ಮನಿಗೆ ಈಗ ನಲವತ್ತಾರೋ ನಲವತ್ತೇಳೋ. ಒಂದು ಕೈ ಬಿದ್ದುಹೋದರೆ ಪೈಪು ಹಿಡಿಯಲು ಬೇರೆ ಹೆಂಗಸು ನಾಳೆಯೇ ಸಿಗುತ್ತಾಳೆ. ಜಟ್ಟೆಮ್ಮನಿಗೆ ಬೇರೆ ಕೈ ಸಿಗುವುದಿಲ್ಲ.

ಯಾದಗಿರಿ ಕಡೆಯವರು. ಗಂಡ ಚಂದ್ರಾಮಪ್ಪ ಕಂಬಿ ಕಟ್ಟುವವರು. ಬೆಂಗಳೂರಿಗೆ ಬಂದ ಹೊಸದರಲ್ಲಿ ಇಬ್ಬರೂ ಕೆ.ಆರ್. ಪುರದ ಆಚೆ ಕಟ್ಟಡಗಳಲ್ಲೇ ಶೆಡ್ಡು ಹಾಕಿಕೊಂಡಿದ್ದರು. ಈಗ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಬೆನ್ನಿಗೆ, ಒಂದೇ ಕೋಣೆಯ ಬಾಡಿಗೆ ಮನೆ. ವಠಾರಕ್ಕೆಲ್ಲ ಸೇರಿ ಒಂದು ಕಕ್ಕಸು. ಬೆಳಕು ಹರಿಯುವ ಮುಂಚೆ ಅಲ್ಲಿ ಸಾಲು ನಿಂತು ಮುಗಿಸಿ ಬಸ್ಸು ಹತ್ತಿದರೆ, ಮತ್ತೆ ಆ ಬಾಗಿಲು ಕಾಣುವುದು ದೀಪ ಹಚ್ಚಿದ ಮೇಲೆ.

ನಡುವೆ ಇರುವ ಇಡೀ ಹಗಲು?

“ನಡುವ ಏನದ್ರಿ? ಕುಡೀಲಿಲ್ಲಂದ್ರ ಹೋಗೂದೂ ಇಲ್ಲ,” ಎಂದು ಜಟ್ಟೆಮ್ಮ ನಗುತ್ತಾರೆ. “ಮುಂಜಾನಿ ಚಹಾ. ಮಧ್ಯಾಹ್ನ ರೊಟ್ಟಿ ಗಂಟಲ್ದಾಗ ಸಿಕ್ಕೊಂಡ್ರ ಒಂದು ಗುಟುಕು ನೀರು. ಮುಗೀತು. ನಾ ಒಬ್ಬಾಕೀನ ಅಲ್ರಿ, ಇಟ್ಟಂಗಿ ಹೊರೂ ಹೆಣಮಕ್ಳು ಎಲ್ಲಾರೂ ಹಿಂಗ. ಹೊಸದಾಗಿ ಬಂದಾಕಿಗೆ ನಾವ ಕಲಸ್ತೀವಿ, ಹ್ಯಾಂಗ ತಡಕೋಬೇಕಂತ.”

ಕೆಲಸ ಕಲಿಸುವ ಹಾಗೆ ಬಾಯಾರಿಕೆ ತಡೆಯುವುದನ್ನೂ ಕಲಿಸುತ್ತಾರೆ! ಕಟ್ಟಡ ಕಾರ್ಮಿಕರಿಗೆ ಕಕ್ಕಸು ಕೊಡಬೇಕೆಂದು ಕಾನೂನಿದೆ. ಕಾನೂನು ವಿಧಾನಸೌಧದಿಂದ ದೊಮ್ಮಲೂರಿಗೆ ಇನ್ನೂ ಬಂದು ಮುಟ್ಟಿಲ್ಲ, ಟ್ರಾಫಿಕ್ಕು ಜಾಸ್ತಿ ಇರಬೇಕು. ಕಟ್ಟಡದಲ್ಲಿ ಮೊದಲು ಏಳುವುದು ಪಿಲ್ಲರು, ಆಮೇಲೆ ಗೋಡೆ, ಕೊಟ್ಟಕೊನೆಗೆ ಕಮೋಡು. ಕಮೋಡು ಕೂರಿಸುವ ಹೊತ್ತಿಗೆ ನೀರು ಹೊಡೆಯುವವಳ ಕೆಲಸ ಅಲ್ಲಿ ಮುಗಿದು, ಆಕೆ ಇಂದಿರಾನಗರದಲ್ಲೋ ಹಲಸೂರಿನಲ್ಲೋ ಇನ್ನೊಂದು ಪಿಲ್ಲರಿನ ಬುಡದಲ್ಲಿ ನಿಂತಿರುತ್ತಾಳೆ.

ಹೋದ ಬೇಸಿಗೆ ಇದೇ ಕಟ್ಟಡದ ಮೆಟ್ಟಿಲ ಮೇಲೆ ಜಟ್ಟೆಮ್ಮ ಬಿದ್ದರು. ಕಣ್ಣು ಕತ್ತಲಿಟ್ಟಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಚಂದ್ರಾಮಪ್ಪ ಆಟೊದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಹೃದಯದ ಡಾಕ್ಟರು ತೇಜಶ್ರೀ ಇಸಿಜಿ ತೆಗೆದರು, ರಕ್ತ ನೋಡಿದರು. ಮೈಯಲ್ಲಿ ನೀರಿಲ್ಲ. ಎದೆಯ ಬಡಿತವನ್ನು ಹದದಲ್ಲಿಡುವ ಪೊಟ್ಯಾಸಿಯಂ, ಮೆಗ್ನೀಷಿಯಂ ಎರಡೂ ಇಳಿದುಹೋಗಿವೆ.

“ಈ ಕಾಯಿಲೆ ಬರೋದಕ್ಕೆ ಬೇರೆ ಕಾರಣಾನೂ ಇರುತ್ತೆ,” ಎನ್ನುತ್ತಾರೆ ತೇಜಶ್ರೀ. “ನೀರು ಕುಡಿದ ತಕ್ಷಣ ವಾಸಿಯಾಗಿಬಿಡುತ್ತೆ ಅಂತ ನಾನು ಹೇಳಲ್ಲ. ಆದರೆ ಬಿಸಿಲಲ್ಲಿ ಬೆವರಿ, ನೀರು ಕುಡೀದೆ, ನಿದ್ದೆಗೆಟ್ಟು ಕೆಲಸ ಮಾಡಿದ್ರೆ ಎದೆ ಪದೇ ಪದೇ ತಾಳ ತಪ್ಪುತ್ತೆ. ಇವರಿಗೆ ನಾನು ಬರೆದುಕೊಟ್ಟಿದ್ದರಲ್ಲಿ ಎಲ್ಲಕ್ಕಿಂತ ಅಗ್ಗದ್ದು ನೀರು. ಅದೊಂದನ್ನೇ ಇವರು ತಗೊಳ್ಳೋಕಾಗ್ತಿಲ್ಲ.”

ಮಿಕ್ಕಿದ್ದೆಲ್ಲ ತೆಗೆದುಕೊಂಡರು. ಬಡಿತ ನಿಧಾನ ಮಾಡುವ ಮಾತ್ರೆ, ಖನಿಜ ತುಂಬುವ ಮಾತ್ರೆ, ದಿನಕ್ಕೊಂದು ಬಾಳೆಹಣ್ಣು, ಶೇಂಗಾ, ಹೆಸರುಕಾಳು. ಜೊತೆಗೆ ರಕ್ತ ತೆಳುಮಾಡುವ ಮಾತ್ರೆ. ಮೂರು ವಾರ ರಕ್ತ ಹದವಾಗಿ ತೆಳುವಾಗಿದ್ದರೆ, ಅರವಳಿಕೆ ಕೊಟ್ಟು ಎದೆಗೆ ಒಂದು ಕ್ಷಣ ಕರೆಂಟು ಹಾಯಿಸಿ ಬಡಿತವನ್ನು ದಾರಿಗೆ ತರುತ್ತಾರೆ. ಹದ ತಪ್ಪಿದ್ದರೆ ಕರೆಂಟು ಕೊಡುವಂತಿಲ್ಲ. ಒಳಗೆ ಹೆಪ್ಪಿದ್ದರೆ ಆಗಲೇ ಹೊರಟು ಮೆದುಳಿಗೆ ನುಗ್ಗಬಹುದು. ಕರೆಂಟು ಕೊಡಲು ದಿನ ಗೊತ್ತುಮಾಡಿದರು.

ಇಲ್ಲಿ ಚಂದ್ರಾಮಪ್ಪ ಅಡ್ಡಬಂದರು, ಪ್ರೀತಿಯಿಂದ.

“ನೀವ ಹೇಳ್ರಿ,” ಎಂದು ಈಗಲೂ ನ್ಯಾಯ ಕೇಳುತ್ತಾರೆ. “ಊರಾಗ ಸಣ್ಣಾಕಿ ಇದ್ದಾಗಿಂದ ಇಕಿಗೆ ರಕ್ತ ಇಲ್ಲ ಇಲ್ಲ ಅಂತ ನರ್ಸವ್ವಗೋಳು ಕೆಂಪು ಗುಳಿಗಿ ಕೊಟ್ಟಾರ. ಈಗ ಇದ್ದಷ್ಟು ರಕ್ತಾನೂ ತೆಳ್ಳಗ ಮಾಡ್ತೀವಂತಾರ. ನಾ ಹ್ಯಾಂಗ ಸುಮ್ಕ ಕುಂದರ್ಲಿ?”

ಸುಮ್ಮನೆ ಕೂರಲಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಶರ್ಫುನ್ನೀಸಾ ಈ ದಂಪತಿಗೆ ಹಳೇ ಪರಿಚಯ. ಮಾತ್ರೆಯಿಂದ ಹೆಂಡತಿಯ ರಕ್ತ ನೀರಾಗುತ್ತಿದೆ ಎಂದು ಚಂದ್ರಾಮಪ್ಪ ಅಲ್ಲಿ ಗೋಳಾಡಿದರು. ಶರ್ಫುನ್ನೀಸಾ ಸಂಜೆ ಉಳಿದ ಮೆಂತ್ಯ, ಪಾಲಕ್, ದಂಟನ್ನೆಲ್ಲ ಕಟ್ಟಿ ಕೊಡತೊಡಗಿದರು. “ತಗೊಂಡ್ಹೋಗ್ ಭಾಯಿ, ನಾಳೆಗೆ ಬಾಡ್ಹೋಗತ್ತೆ. ನಿನ್ ಬೀವಿಗೆ ತಿನ್ಸು, ರಕ್ತ ಆಗತ್ತೆ.” ಯಾದಗಿರಿ ಕಡೆಯವರಿಗೆ ರೊಟ್ಟಿಯ ಜೊತೆ ಹಸಿ ಮೆಂತ್ಯ ಕಡಿಯುವುದು ಹುಟ್ಟಿನಿಂದ ಬಂದ ರೂಢಿ. ಸಿಕ್ಕ ದಿನ ಕಂತೆಗಟ್ಟಲೆ, ಸಿಗದ ದಿನ ಏನೂ ಇಲ್ಲ.

“ಮ್ಯಾಕಿಗೆ ಹಾಕಿದಂಗ ಹಾಕ್ಯಾನ್ರಿ,” ಎಂದು ಜಟ್ಟೆಮ್ಮ ಗಂಡನ ಕಡೆ ಮೂತಿ ತಿರುವುತ್ತಾರೆ. “ಡಾಕ್ಟರಕಿಂತ ಶ್ಯಾಣ್ಯಾ.”

“ನೀ ಬ್ಯಾಡನ್ಲಿಲ್ಲಲ್ಲ? ಇನ್ನೊಂದೀಟು ಹಾಕು ಅಂದಿ.”

“ರುಚಿ ಇತ್ತು, ಅಂದೆ. ತಿಂದಾಕಿ ನಾನು, ಬೈಸ್ಕೊಂಡಾಕೀನೂ ನಾನು.”

ಸೊಪ್ಪು ಕೆಟ್ಟದ್ದಲ್ಲ. ಆದರೆ ಅದರೊಳಗಿನ ಸತ್ವ ರಕ್ತ ತೆಳುಮಾಡುವ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ. ದಿನವೂ ಒಂದೇ ಅಳತೆಯಲ್ಲಿ ತಿಂದರೆ ಡಾಕ್ಟರು ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತಾರೆ, ಹೀಗೆ ಏರುಪೇರಾದರೆ ಹೊಂದುವುದಿಲ್ಲ. ಕರೆಂಟು ಕೊಡಬೇಕಾದ ದಿನ ಖಾಲಿ ಹೊಟ್ಟೆಯಲ್ಲಿ ಹೋದ ಜಟ್ಟೆಮ್ಮನ ರಕ್ತ ಪರೀಕ್ಷಿಸಿ, ಹದ ಬಂದಿಲ್ಲವೆಂದು ವಾಪಸು ಕಳಿಸಿದರು. ಮತ್ತೆ ಸರದಿ ಬರಲು ಮಳೆಗಾಲ ಕಳೆಯಿತು. ಚಂದ್ರಾಮಪ್ಪ ಹೆಂಡತಿಗೆ ವಿಷ ಹಾಕಿಲ್ಲ. ಕೈಲಾದ ಒಂದೇ ಔಷಧಿಯನ್ನು ಹೊತ್ತು ತಂದು ಹಾಕಿದ್ದಾರೆ. ಜೀವಮಾನವಿಡೀ ರಕ್ತ ಸಾಲದ ಹೆಂಗಸಿನ ಮನೆಯವರಿಗೆ, ರಕ್ತ ತೆಳುಮಾಡುವುದೂ ರಕ್ತ ಕಡಿಮೆ ಮಾಡುವುದೂ ಬೇರೆ ಬೇರೆ ಎಂದು ಕೂರಿಸಿ ಹೇಳುವಷ್ಟು ಪುರುಸೊತ್ತು ಆ ಕಿಕ್ಕಿರಿದ ಆಸ್ಪತ್ರೆಯಲ್ಲಿ ಯಾರಿಗಿತ್ತು?

ಎರಡನೇ ಸಲ ಹದ ಸರಿಯಿತ್ತು. ಕರೆಂಟು ಕೊಟ್ಟರು. ಎದೆ ದಾರಿಗೆ ಬಂತು.

“ಆದರೆ ಇದು ಉಳೀಬೇಕಾದ್ರೆ ದಿನವಿಡೀ ಸ್ವಲ್ಪ ಸ್ವಲ್ಪ ನೀರು ಹೋಗ್ತಾ ಇರಬೇಕಮ್ಮ,” ಎಂದು ತೇಜಶ್ರೀ ಹೇಳಿ ಕಳಿಸಿದರು. ಜಟ್ಟೆಮ್ಮ ಕೆಲಸಕ್ಕೆ ಮರಳಿದ ದಿನವೇ ಕಟ್ಟಡದ ಮಾಲೀಕ ಮುನಿಆಂಜನಪ್ಪನವರ ಮುಂದೆ ನಿಂತು, ಹೋಗಲಿಕ್ಕೊಂದು ಕಕ್ಕಸು ಕೇಳಿದರು. ಇಷ್ಟು ವರ್ಷಗಳಲ್ಲಿ ಯಾವ ಮಾಲೀಕರನ್ನೂ ಏನನ್ನೂ ಕೇಳಿದವರಲ್ಲ.

ಮುನಿಆಂಜನಪ್ಪ ಹಳೇ ದೊಮ್ಮಲೂರಿನವರು. ಅಪ್ಪನ ಕಾಲದ ರಾಗಿ ಹೊಲದಲ್ಲಿ ಈಗ ಆರು ಮಹಡಿಯ ಪಿಜಿ ಹಾಸ್ಟೆಲು ಎಬ್ಬಿಸುತ್ತಿದ್ದಾರೆ. ಎದುರಿಗೇ ಮನೆ. ಹೊಸ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಕೋಣೆಯನ್ನು ಮಾತ್ರ ಮುಂಚಿತವಾಗಿ ಮುಗಿಸಿ, ಹೊಳೆಯುವ ಟೈಲ್ಸು, ಕಮೋಡು ಎಲ್ಲ ಹಾಕಿಸಿ ಬೀಗ ಜಡಿದಿದ್ದಾರೆ. ಬಂದವರಿಗೆ ತೋರಿಸುವ ಸ್ಯಾಂಪಲ್ ಕೋಣೆ.

“ನಾನೇನ್ ರಾಕ್ಷಸ್ನಾ ಸಾರ್?” ಎನ್ನುತ್ತಾರೆ. “ಇದೇ ಜಾಗ್ದಲ್ಲಿ ನಮ್ಮವ್ವ ಕಳೆ ಕೀಳ್ತಿದ್ಳು. ಆಗ ಯಾರ್ಗಿತ್ತು ಟಾಯ್ಲೆಟ್ಟು? ಪೊದೆ ಕಡೆ ಹೋಗಿ ಬರ್ತಿರ್ಲಿಲ್ವಾ?”

ಪೊದೆ ಎಲ್ಲಿದೆ ಈಗ? ಸುತ್ತ ಇರುವುದು ಬಾಲ್ಕನಿಗಳು. ನಿಮ್ಮ ಮನೆಯ ಕಕ್ಕಸನ್ನಾದರೂ ಬಿಡಬಹುದಲ್ಲ ಎಂದರೆ, “ಮನೆ ಒಳಗಡೆ ಹೆಂಗಾಗುತ್ತೆ ಸಾರ್, ದೇವ್ರು ದಿಂಡ್ರು ಅಂತಿರುತ್ತೆ,” ಎಂದು ಮಾತು ತಿರುಗಿಸುತ್ತಾರೆ. ದೇವರು ಯಾವ ಜಾತಿಯ ಹೆಂಗಸು ಕಾಲಿಟ್ಟರೆ ಮುನಿಯುತ್ತಾನೆ ಎಂಬುದನ್ನು ಅವರೂ ಹೇಳುವುದಿಲ್ಲ, ಜಟ್ಟೆಮ್ಮನೂ ಕೇಳುವುದಿಲ್ಲ. ಇಬ್ಬರಿಗೂ ಗೊತ್ತು.

ಅವತ್ತು ಜಟ್ಟೆಮ್ಮನ ಪರವಾಗಿ ಬಾಯಿ ತೆರೆದವರು ಮುನಿಆಂಜನಪ್ಪನವರ ಹೆಂಡತಿ ಅಣ್ಣಮ್ಮ. “ರೀ, ಆ ತೋರ್ಸೋ ರೂಮಿಂದಾದ್ರೂ ಬೀಗ ತೆಗೀರಿ. ಒಂದ್ ಹೆಂಗ್ಸು ಹೋಗಿ ಬಂದ್ರೆ ನಿಮ್ ಬಿಲ್ಡಿಂಗ್ ಕರಗೋಗುತ್ತಾ? ನಿಮ್ಗೆ ಶುಗರ್ ಬಂದ್ಮೇಲೆ ಗಳಿಗೆಗೊಂದ್ಸಲ ಓಡ್ತೀರಲ್ಲ, ನಾನು ನಿಮ್ಗೂ ಬೀಗ ಹಾಕ್ಲಾ?”

ಆಳುಗಳ ಎದುರು ಮಾನ ಹೋಯಿತೆಂದೋ ಏನೋ, ಮುನಿಆಂಜನಪ್ಪ ಬೀಗದ ಕೈ ಬಿಸಾಕಿದರು.

ಜಟ್ಟೆಮ್ಮ ನೀರು ಕುಡಿಯಲು ಶುರುಮಾಡಿದರು. ಮನೆಯಿಂದ ಬಾಟಲಿ ತಂದರು. ಸುಸ್ತು ಇಳಿಯಿತು, ಮೆಟ್ಟಿಲು ಹತ್ತುವಾಗ ಮಾತಾಡುವಷ್ಟು ಉಸಿರು ಬಂತು. ಇಟ್ಟಿಗೆ ಹೊರುವ ಹೆಂಗಸರೂ ಅಳುಕುತ್ತಲೇ ಆ ಬಾಗಿಲಿಗೆ ಬರತೊಡಗಿದರು. ಹೆಚ್ಚು ದಿನ ನಡೆಯಲಿಲ್ಲ. ಒಂದು ದಿನ ಕೋಣೆ ನೋಡಲು ಯಾರೋ ಬಂದರು. ಬಿಳೀ ಟೈಲ್ಸಿನ ಮೇಲೆ ಬಾಗಿಲಿನಿಂದ ಕಮೋಡಿನವರೆಗೆ ಸಿಮೆಂಟಿನ ಹೆಜ್ಜೆಗಳಿದ್ದವು, ಒಣಗಿ ಕಚ್ಚಿಕೊಂಡಿದ್ದವು. ಬರಿಗಾಲ ಹೆಜ್ಜೆಗಳು. ಇಡೀ ಹಗಲು ಸಿಮೆಂಟು ನೀರಿನಲ್ಲಿ ನಿಲ್ಲುವವಳ ಪಾದ ಇನ್ನೆಂಥ ಗುರುತು ಬಿಟ್ಟೀತು?

ಮಧ್ಯಾಹ್ನದೊಳಗೆ ಬೀಗ ಮತ್ತೆ ಬಿತ್ತು. ಈ ಸಲ ಅಣ್ಣಮ್ಮನ ಮಾತೂ ನಡೆಯಲಿಲ್ಲ. “ಹಾಳು ಟೈಲ್ಸು,” ಎನ್ನುತ್ತಾರೆ ಅವರು, ಗೇಟಿನ ಬಳಿ ದನಿ ತಗ್ಗಿಸಿ. “ನಾನೇ ಒರೆಸ್ಕೊಡ್ತೀನಿ ಅಂದೆ ಕಣಪ್ಪ. ‘ನಿಂಗ್ಯಾಕೆ ಬಿಟ್ಟಿ ಚಾಕರಿ’ ಅಂತ ಬೈದ್ರು.”

ಬಾಟಲಿ ಮನೆಯಲ್ಲೇ ಉಳಿಯಿತು. ಒಂದು ತಿಂಗಳು ತುಂಬುವ ಮೊದಲೇ ಎದೆ ಮತ್ತೆ ತಾಳ ತಪ್ಪಿತು. ನೀರಿಲ್ಲದ್ದಕ್ಕೇ ತಪ್ಪಿತೆಂದು ತೇಜಶ್ರೀ ಖಚಿತವಾಗಿ ಹೇಳುವುದಿಲ್ಲ. “ಇರಬಹುದು, ಅದಿಲ್ಲದೆಯೂ ಬರಬಹುದಿತ್ತು,” ಎನ್ನುತ್ತಾರೆ. ಇನ್ನೊಮ್ಮೆ ಕರೆಂಟು ಕೊಟ್ಟು ನೋಡುತ್ತಾರಂತೆ. ಅದೂ ನಿಲ್ಲದಿದ್ದರೆ ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಏರಿಸಿ, ಎದೆಯೊಳಗೆ ತಾಳ ಕೆಡಿಸುವ ಜಾಗವನ್ನು ಸುಡುತ್ತಾರೆ. ಅದರ ಸರದಿ ಉದ್ದ ಇದೆ. ಅಲ್ಲಿಯವರೆಗೆ ಹೆಪ್ಪು ಕಟ್ಟದಿರಲಿ ಎಂದು ಮಾತ್ರೆ, ಮತ್ತು ಚಂದ್ರಾಮಪ್ಪನ ಕಾವಲು. ಈಗ ಸೊಪ್ಪನ್ನು ಅವರು ದಿನವೂ ಒಂದೇ ಮುಷ್ಟಿ ಹಿಡಿದು ಕೊಡುತ್ತಾರೆ. ಅವರ ಕೈಲಾಗುವುದು ಅಷ್ಟೇ. ಕಕ್ಕಸು ಕೊಡಿಸುವುದು ಅವರ ಕೈಲಿಲ್ಲ. ಯಾರ ಕೈಲಿದೆಯೋ ಅವರ ಎದೆ ಸರಿಯಾಗಿಯೇ ಬಡಿಯುತ್ತಿದೆ.

ಬೇರೆ ಕೆಲಸ ನೋಡಬಾರದೇ ಎಂದು ಕೇಳಿದರೆ ಜಟ್ಟೆಮ್ಮನಿಗೆ ಸಿಟ್ಟು ಬರುತ್ತದೆ. “ಯಾಕ್ ನೋಡ್ಲಿ? ಈ ಕೆಲ್ಸ ನಂಗ ಬರ್ತದ. ಕೆಲ್ಸದ್ದೇನ್ ತಪ್ಪದ?” ತುಸು ಹೊತ್ತು ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು ನೀರನ್ನು ತುಂತುರು ಮಾಡುತ್ತಾರೆ. ಬಿಸಿಲೇರಿದೆ. ಕೆಳಗೆ ಗಲ್ಲಿಯಲ್ಲಿ ಎಳನೀರಿನ ಗಾಡಿ ನಿಂತಿದೆ, ಅವರು ಆ ಕಡೆ ನೋಡುವುದಿಲ್ಲ.

ಇನ್ನೊಂದು ಸಲ ಕರೆಂಟು ಕೊಡಿಸಿಕೊಳ್ಳಲು ಹೆದರಿಕೆಯಿಲ್ಲವೇ?

“ಹೆದರಿಕಿ ಯಾಕ್ರಿ?” ಎನ್ನುವಾಗ ಮುಖ ಸಡಿಲವಾಗುತ್ತದೆ. “ಹೋದ ಸಲ ಎಚ್ಚರಾದ ಮ್ಯಾಲ ಆ ನರ್ಸವ್ವ ಒಂದು ಜಗ್ಗು ನೀರು ತಂದಿಟ್ಲು. ಪೂರಾ ಕುಡದೆ. ಮಂಚದ ಬಾಜೂಕ ಕಕ್ಕಸು, ಒಳಗ ಚಿಲಕ. ಹೋದೆ, ಬಂದೆ, ಮತ್ತ ಕುಡದೆ. ಯಾರೂ ಏನೂ ಅನ್ಲಿಲ್ಲ. ಮುಂದಿನ ತಿಂಗಳು ಕರೀತಾರಂತ.”

ಪೈಪು ಎಳೆದುಕೊಂಡು ಮುಂದಿನ ಪಿಲ್ಲರಿನತ್ತ ಹೊರಡುತ್ತಾರೆ.

“ಅವತ್ತು ಕುಡೀತೀನ್ರಿ, ಹೊಟ್ಟಿ ತುಂಬ.”