ಕೆಡ್ಡಸದ ದಿನ ಮೇಲೇರಿದ ಬುಟ್ಟಿ

ಇಂಥ ಕಥೆ ಹೇಳುವವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಮೂಡುಬಿದಿರೆಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ಆದ ಅಭ್ಯಾಸ. ಯಾರಾದರೂ ದೆವ್ವ, ಶಕುನ ಎಂದರೆ ಸಾಕು, ‘ಕಂಡವರು ಯಾರು? ನೀವೋ, ನಿಮ್ಮ ಭಾವನ ಸ್ನೇಹಿತರೋ?’ ಎಂದು ಶುರು ಮಾಡುತ್ತಿದ್ದೆ. ಹೆಚ್ಚಾಗಿ ಭಾವನ ಸ್ನೇಹಿತರೇ ಆಗಿರುತ್ತಿದ್ದರು. ಈಗ ಹೇಳಹೊರಟಿರುವುದರಲ್ಲಿ ಕಂಡವನು ನಾನೇ. ನನ್ನ ತೊಂದರೆ ಅದು.

ಎಪ್ಪತ್ತರ ದಶಕದ ಕೊನೆಯ ಮಾತು. ಹೆನ್ರಿಕ್ ಎಂಬ ಡೆನ್ಮಾರ್ಕಿನ ತರುಣ ದೇಶ ಸುತ್ತುತ್ತಾ ನಮ್ಮ ಕಡೆಗೆ ಬಂದಿದ್ದ. ಊಟ ಮತ್ತು ಮಲಗಲು ಜಾಗ ಕೊಟ್ಟರೆ ಸಂಬಳವಿಲ್ಲದೆ ಮಣ್ಣಿನ ಕೆಲಸ ಮಾಡುತ್ತೇನೆ ಎನ್ನುತ್ತಿದ್ದ. ನಮ್ಮ ಮೇಷ್ಟ್ರೊಬ್ಬರು ಅವನನ್ನು ಕಕ್ಕಿಂಜೆಯ ಹತ್ತಿರ ತರಕಾರಿ ಬೆಳೆಯುತ್ತಿದ್ದ ಮೋನಪ್ಪಣ್ಣನ ಮನೆಗೆ ಕಳಿಸಿದರು. ಮಾತು ದಾಟಿಸಲು ನನ್ನನ್ನೂ ಜೊತೆಗೆ ಅಟ್ಟಿದರು. ನಾನೂ ಪುಕ್ಕಟೆ ಆಳೇ. ಮನೆಯಲ್ಲಿದ್ದವರು ಮೋನಪ್ಪಣ್ಣ ಮತ್ತು ನಾವು ಅಜ್ಜಿ ಎನ್ನುತ್ತಿದ್ದ ಅವನ ವಯಸ್ಸಾದ ತಾಯಿ. ಕರೆಂಟಿಲ್ಲ, ಬಾವಿಯೂ ಇಲ್ಲ. ಹಳ್ಳದಿಂದ ನೀರು ಹೊತ್ತು ಗಿಡಗಳಿಗೆ ಹಾಕಬೇಕು. ಬೇಸಿಗೆಗೆ ಆ ಹಳ್ಳವೂ ಬತ್ತುತ್ತದೆ. ಹಾಗಾಗಿ ನಾವು ಮೂವರು ಮನೆಯ ಹಿಂದೆ ಬಾವಿ ಅಗೆಯತೊಡಗಿದೆವು.

ಮೂರಾಳು ಆಳಕ್ಕೆ ಹೋಗಿ, ಕೆಂಪು ಮುರಕಲ್ಲಿನ ಗಟ್ಟಿ ಪದರ ಮುಗಿದು, ಬಿಳಿ ಜೇಡಿಮಣ್ಣು ಸಿಕ್ಕಿ ಅಂಗಾಲಿಗೆ ತೇವ ತಾಗುವ ಹೊತ್ತಿಗೆ ಕೆಡ್ಡಸ ಬಂತು. ಭೂಮಿತಾಯಿ ಮುಟ್ಟಾಗುತ್ತಾಳೆಂದು ತುಳುವರು ನಂಬುವ ಮೂರು ದಿನ ಅದು. ಆಗ ಯಾರೂ ನೆಲ ಅಗೆಯುವುದಿಲ್ಲ, ಉಳುವುದಿಲ್ಲ.

“ಇನ್ನು ಮೂರು ದಿನ ಹಾರೆ ಮುಟ್ಲಿಕ್ಕಿಲ್ಲ” ಎಂದ ಮೋನಪ್ಪಣ್ಣ.

“ನೀರು ಒಂದು ಮೊಳ ಕೆಳಗೆ ಉಂಟು ಮೋನಪ್ಪಣ್ಣ. ಇಲ್ಲಿಯ ಭೂಮಿಗೆ ಮಾತ್ರ ಮುಟ್ಟಾ? ಘಟ್ಟದ ಮೇಲಿನವರು ಇವತ್ತೂ ಅಗೀತಾರಲ್ಲ?”

“ಅದು ನನಗೆ ಗೊತ್ತಿಲ್ಲ. ನಿನ್ನ ಬಾಯಿಯಲ್ಲಿ ಅಗೀಲಿಕ್ಕೆ ಆಗ್ತಿದ್ರೆ ಇಷ್ಟೊತ್ತಿಗೆ ಎರಡು ಬಾವಿ ಆಗ್ತಿತ್ತು, ಮಾರಾಯ.”

ಅಜ್ಜಿ ನಕ್ಕರು. “ನಿನ್ನನ್ನು ಹೊತ್ತವಳಿಗೆ ಮೂರು ದಿನ ರಜೆ ಕೊಟ್ಟರೆ ನಿನ್ನ ಗಂಟೇನು ಹೋಗ್ತದೆ ಮಗಾ?”

ನಾನು ಎಲ್ಲವನ್ನೂ ಹೆನ್ರಿಕ್‌ಗೆ ಇಂಗ್ಲಿಷಿನಲ್ಲಿ ಹೇಳಿ, ಅವನಾದರೂ ನನ್ನ ಪಕ್ಷ ಹಿಡಿಯುತ್ತಾನೆಂದು ಕಾದೆ. ಅವನು ತನ್ನ ಪಿಕ್ಕಾಸು ತೊಳೆದು ಗೋಡೆಗೆ ಒರಗಿಸಿದ. “ಮನೆ ಅವರದ್ದು, ನಾನು ಅತಿಥಿ” ಎಂದ, ಅಷ್ಟೇ. ಕಡಲು ದಾಟಿ ಬಂದವನು ಅತ್ತ ಕಡೆ ಸೇರಿದ್ದು ನನಗೆ ಸಹಿಸಲಾಗಲಿಲ್ಲ.

ಕೊನೆಯ ದಿನ ಮಧ್ಯಾಹ್ನ, ಅವರೆಲ್ಲ ಮುಂದಿನ ಅಂಗಳದಲ್ಲಿದ್ದಾಗ, ಯಾರಿಗೂ ಹೇಳದೆ ಗುಂಡಿಗೆ ಇಳಿದೆ. ಬದಿಯಲ್ಲಿ ಕಾಲಿಡಲು ಕೊರೆದ ಗೂಡುಗಳಿದ್ದವು. ಮಣ್ಣು ಎತ್ತುವ ಬುಟ್ಟಿ ಕೆಳಗೇ ಇತ್ತು; ಅದಕ್ಕೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು, ಅದರ ಇನ್ನೊಂದು ತುದಿ ಮೇಲೆ ನೆಲದಲ್ಲಿ ಬಿದ್ದಿತ್ತು. ಎಳೆಯಲು ಯಾರೂ ಇಲ್ಲ; ಅಗೆದ ಮಣ್ಣು ನಾಳೆಯವರೆಗೆ ಕೆಳಗೇ ಇರಲಿ ಎಂದುಕೊಂಡೆ. ನೀರು ಬರಿಸಿ ತೋರಿಸಿದರೆ ವಾದ ಅಲ್ಲಿಗೆ ಮುಗಿಯಿತಲ್ಲ.

ಬುಟ್ಟಿ ತುಂಬಿತ್ತು. ನಾನು ಬಗ್ಗಿ ಅಗೆಯುತ್ತಿದ್ದೆ. ರಾಟೆ ಕಿರುಗುಟ್ಟಿತು. ತಲೆಯೆತ್ತಿದರೆ ಬುಟ್ಟಿ ಮೇಲೆ ಹೋಗುತ್ತಿದೆ. ಜಗ್ಗಿ, ನಿಂತು, ಮತ್ತೆ ಜಗ್ಗಿ, ಒಬ್ಬ ಆಳು ಎಳೆದ ಹಾಗೆಯೇ. ಹೆನ್ರಿಕ್ ಮನಸ್ಸು ಬದಲಿಸಿದನೆಂದು ಖುಷಿಯಾಗಿ, “ಅಂತೂ ಬಂದೆಯಲ್ಲ!” ಎಂದು ಕೂಗಿದೆ. ಬುಟ್ಟಿ ನಡುವೆಯೇ ನಿಂತು ತೂಗಾಡಿತು. ಮತ್ತೆ ಕೂಗಿದೆ. ತಮಾಷೆ ಮಾಡುತ್ತಿದ್ದಾನೆಂದು ಸಿಟ್ಟು ಬಂತು. ಎರಡು ಮಾತು ಅಂದೇ ಬಿಡುವ ಎಂದು ಹತ್ತಿದೆ.

ಮೇಲೆ ಯಾರೂ ಇರಲಿಲ್ಲ. ಹಗ್ಗದ ತುದಿ ನೆಲದಲ್ಲಿತ್ತು. ಅದನ್ನು ಯಾವುದಕ್ಕೂ ಕಟ್ಟಿರಲಿಲ್ಲ. ಗುಂಡಿಯೊಳಗೆ ನೋಡಿದೆ. ತುಂಬಿದ ಬುಟ್ಟಿ ಆ ಹಗ್ಗಕ್ಕೇ ನೇತಾಡುತ್ತಿತ್ತು. ನೋಡುತ್ತಿದ್ದ ಹಾಗೆಯೇ ಒಂದು ಬದಿಯ ಜೇಡಿ ಕಳಚಿ, ಗೋಣಿ ಇಳಿಸಿದಂಥ ಸದ್ದು ಮಾಡಿ ಕುಸಿಯಿತು. ನಾನು ನಿಂತಿದ್ದ ಜಾಗದ ಮೇಲೆ ಆಳೆತ್ತರದ ಮಣ್ಣು. ಬುಟ್ಟಿಯೂ ಅದರಡಿ ಹೋಯಿತು.

ಸದ್ದಿಗೆ ಮೂವರೂ ಓಡಿ ಬಂದರು. “ಹಗ್ಗ ಎಳೆದದ್ದು ಯಾರು?” ಎಂದೆ.

“ಯಾವ ಹಗ್ಗ?” ಎಂದ ಮೋನಪ್ಪಣ್ಣ.

ಹೆನ್ರಿಕ್‌ನ ಎರಡೂ ಕೈಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕೆಡ್ಡಸದ ಕೊನೆಯ ದಿನದ ಪದ್ಧತಿಯಂತೆ ಅಂಗಳದಲ್ಲಿ ಅಜ್ಜಿಯ ಜೊತೆ ಭೂಮಿಗೆ ಎಣ್ಣೆ ಬಿಡುತ್ತಿದ್ದನಂತೆ. ನಾನು ಹಗ್ಗದ ತುದಿ ಮುಟ್ಟಿ ನೋಡಿದೆ. ಎಣ್ಣೆಯ ಪಸೆಯೇ ಇಲ್ಲದ ಒಣ ನಾರು. ‘ನಾನು ಆಗಲೇ ಹೇಳಲಿಲ್ಲವಾ’ ಎಂದು ಅಜ್ಜಿ ಅನ್ನಬಹುದೆಂದು ಆ ಸ್ಥಿತಿಯಲ್ಲೂ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವರು ಹಾಗೆ ಅನ್ನಲಿಲ್ಲ. ನನ್ನ ರಟ್ಟೆ ಹಿಡಿದು ಮಣ್ಣನ್ನೇ ನೋಡುತ್ತಾ, “ನೀನು ಒಳಗಿದ್ದದ್ದು ನಮಗೆ ಗೊತ್ತೇ ಇರಲಿಲ್ಲ ಮಗಾ” ಎಂದರು.

ಅಂದಿನಿಂದ ನನ್ನ ವಿರುದ್ಧ ನಾನೇ ವಾದಿಸಿದ್ದೇನೆ. ಕುಸಿಯುವ ಮುನ್ನ ಬದಿಯ ಮಣ್ಣು ಉಬ್ಬಿ ಬುಟ್ಟಿಯನ್ನು ಮೇಲೆ ತಳ್ಳಿತೇ? ತಳ್ಳಿದ್ದರೆ ಹಗ್ಗ ಸಡಿಲಾಗಬೇಕಿತ್ತು, ಅದು ಬಿಗಿಯಾಗಿತ್ತು. ಗುಂಡಿಯ ಗಾಳಿಗೆ ತಲೆ ತಿರುಗಿತೇ? ನೇತಾಡುವ ಬುಟ್ಟಿಯನ್ನು ನಾನು ನೋಡಿದ್ದು ಮೇಲೆ ನಿಂತು, ಬಿಸಿಲಿನಲ್ಲಿ. ಭೂಮಿತಾಯಿಯೇ ಕಾಪಾಡಿದಳು ಎಂದರೆ, ಅವಳೇ ಕುಸಿದದ್ದೂ ಹೌದಲ್ಲ ಎನ್ನುತ್ತೇನೆ. ಆ ಮಾತು ಕೇಳಿ ಜನ ಸುಮ್ಮನಾಗುತ್ತಾರೆ, ನನಗೆ ಸಮಾಧಾನವಾಗುವುದಿಲ್ಲ.

ಉಳಿಯುವುದು ಒಂದೇ ಸಾಧ್ಯತೆ. ದಾರಿಹೋಕರು ಯಾರೋ ತಮಾಷೆಗೆ ಎಳೆದು ಓಡಿರಬೇಕು. ಕಟ್ಟದ ಹಗ್ಗದಲ್ಲಿ ಬುಟ್ಟಿ ನಿಂತದ್ದು ಹೇಗೆಂದು ಆಮೇಲೆ ನೋಡಿಕೊಳ್ಳುವ. ಆ ಮಧ್ಯಾಹ್ನ ಆ ಕಡೆ ಹಾದುಹೋದವರು ನೀವಾಗಿದ್ದರೆ ದಯವಿಟ್ಟು ತಿಳಿಸಿ. ನಾನು ಬೈಯುವುದಿಲ್ಲ. ಬದುಕಿ ಉಳಿದವನು ಯಾರಿಗಾದರೂ ಕೈಮುಗಿಯಬೇಕಲ್ಲ, ಯಾವ ಕಡೆ ತಿರುಗಿ ಮುಗಿಯಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ.