ಮುನೇಶ್ವರ ಸರಿಸಿದ ಗೆರೆ

ನಮ್ಮ ಬೇಲದಪಾಳ್ಯದ ಶ್ಯಾಮಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಮಳೆ ಬಂದರೆ ಅಡುಗೆಮನೆಯ ಮೂಲೆ ಸೋರುತ್ತದೆ ಎಂದು, ಬಾಡಿಗೆಗೆ ಬಂದವರು ಕೇಳುವ ಮೊದಲೇ ಹೇಳಿಬಿಡುವ ಮನೆಮಾಲೀಕ ವೈಟ್‌ಫೀಲ್ಡಿನ ಸುತ್ತಮುತ್ತ ಇವನೊಬ್ಬನೇ ಇರಬೇಕು. ಇಂಥವನು ಬದುಕಿನಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದ. ಅದು ಎಂಥ ಸುಳ್ಳೆಂದರೆ, ಈಗ ಅದಕ್ಕೆ ಶುಕ್ರವಾರ ಶುಕ್ರವಾರ ಮಂಗಳಾರತಿ ನಡೆಯುತ್ತಿದೆ.

ನಾನು ಅವನ ಜೊತೆ ಓದಿದವನು. ಊರ ಬಾಗಿಲಲ್ಲೇ ನನ್ನ ಹಾರ್ಡ್‌ವೇರ್ ಅಂಗಡಿ. ಶ್ಯಾಮಣ್ಣನ ರಾಗಿ ಹೊಲದಲ್ಲಿ ಈಗ ಶೀಟಿನ ಮನೆಗಳ ಸಾಲು, ಅದರ ತುಂಬ ಯಾದಗಿರಿ, ಕಲಬುರಗಿ ಕಡೆಯ ಕಟ್ಟಡ ಕೆಲಸದವರು. ಸಾಲು ಮುಗಿದ ಮೇಲೆ ಒಂದು ತುಂಡು ನೆಲವನ್ನು ಮಾತ್ರ ಅವನು ಯಾವುದಕ್ಕೂ ಮುಟ್ಟಿರಲಿಲ್ಲ. ಅಲ್ಲಿ ಬೇವಿನ ಮರದ ಬುಡದಲ್ಲಿ ಅವನ ಅಪ್ಪ ದಾಸಪ್ಪ ಮಲಗಿದ್ದಾನೆ. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು ವಾಡಿಕೆ.

ದಾಸಪ್ಪನಿಗೆ ಒಬ್ಬಳು ಮಗಳೂ ಇದ್ದಳು, ಶ್ಯಾಮಣ್ಣನ ತಂಗಿ ಲಕ್ಷ್ಮಮ್ಮ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಹಸುಗೂಸು ಮಾಲಾಳನ್ನು ಎತ್ತಿಕೊಂಡು ತವರಿಗೆ ಬಂದಾಗ, ಮುದುಕ ಕೆರೆಯಾಚೆಯ ಜಾಗವನ್ನು ಅವಳ ಹೆಸರಿಗೆ ಬರೆದುಕೊಟ್ಟಿದ್ದ. ಅಲ್ಲಿ ಅವಳು ಒಂದು ಮನೆ ಕಟ್ಟಿಕೊಂಡಳು, ಪಕ್ಕಕ್ಕೆ ಮೂರು ಕೋಣೆ ಹಾಕಿ ಬಾಡಿಗೆಗೆ ಕೊಟ್ಟಳು. ತಾಯಿ ಮಗಳ ಅನ್ನ ಅದರಿಂದಲೇ.

ಹೀಗಿರುವಾಗ ವೇಗದ ರೈಲಿನ ಸರ್ವೆಯವರು ಬಂದರು. ಮೊದಲು ಮೇಲೆ ಡ್ರೋನ್ ಹಾರಿತು, ಆಮೇಲೆ ಮೂರು ಕಾಲಿನ ಯಂತ್ರ ಹಿಡಿದವರು ಬಂದು ಹಳದಿ ಬಣ್ಣದ ಕಲ್ಲು ನೆಟ್ಟರು. ಚೆನ್ನೈಯಿಂದ ಬಂದು ಮೈಸೂರಿಗೆ ಹೋಗುವ ರೈಲಂತೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಚೆನ್ನೈಯಂತೆ. ನನಗೆ ನಿಜಕ್ಕೂ ಖುಷಿಯಾಗಿತ್ತು. ಮಾರತ್‌ಹಳ್ಳಿ ದಾಟುವುದರೊಳಗೆ ಗಡ್ಡ ಬೆಳೆಯುವ ಊರಿನವನಿಗೆ ವೇಗ ಎಂದರೆ ಯಾಕೆ ಬೇಡವಾಗುತ್ತದೆ? ಸೈಟು ಮಾರುವವರಂತೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು. ಬುಲೆಟ್ ರೈಲಿನ ಸ್ಟೇಷನ್ ಪಕ್ಕದಲ್ಲೇ ಎಂದು ಬೋರ್ಡು ಹಾಕಿದರು.

ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿದರು. ಊರಿನ ಮುಖಂಡರೆಲ್ಲ ರೈಲು ನಮ್ಮಲ್ಲೂ ನಿಲ್ಲಬೇಕೆಂದು ಪಟ್ಟು ಹಿಡಿದರು. ಊರೂರಿಗೆ ನಿಂತರೆ ಅದು ವೇಗದ ರೈಲು ಹೇಗಾಗುತ್ತದೆ ಎಂದು ಅಧಿಕಾರಿ ಬೆವರು ಒರೆಸಿಕೊಂಡ. ಶ್ಯಾಮಣ್ಣನ ಬಾಡಿಗೆದಾರ ಸೋಮಪ್ಪ ಹಿಂದಿನಿಂದ ಎದ್ದು ನಿಂತ. ‘ಸಾಹೇಬ್ರ, ಇದ್ರಾಗ ಜನರಲ್ ಬೋಗಿ ಇರ್ತೈತೇನ್ರಿ?’ ಎಂದು ಕೇಳಿದ. ಇಲ್ಲ ಎಂದರು. ಜೋಳದ ಚೀಲ ಇಡಲು ಜಾಗ ಇದೆಯೇ ಎಂದ. ಅದೂ ಇಲ್ಲ. ಸೋಮಪ್ಪ ಕೂರಲಿಲ್ಲ, ಹಾಗೇ ಕೆಲಸಕ್ಕೆ ಹೊರಟುಹೋದ.

ಆದರೆ ಶ್ಯಾಮಣ್ಣನಿಗೆ ಇದಾವುದೂ ಕೇಳಿಸಿರಲಿಲ್ಲ. ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ ಕೆಂಪು ಗೆರೆ ನೇರ ಬೇವಿನ ಮರದ ಮೇಲೆ ಹಾದುಹೋಗಿತ್ತು. ಸಮಾಧಿಯನ್ನು ಬೇರೆ ಕಡೆಗೆ ಸಾಗಿಸಬಹುದು, ಅದಕ್ಕೂ ಪರಿಹಾರ ಉಂಟು ಎಂದು ಅಧಿಕಾರಿ ಮೆತ್ತಗೆ ಹೇಳಿದ. ಅಪ್ಪನನ್ನು ಅಗೆದು ತೆಗೆಯುವ ಮಾತು ಕೇಳಿದ ಮೇಲೆ ಶ್ಯಾಮಣ್ಣ ಸರಿಯಾಗಿ ಊಟ ಮಾಡಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಸರ್ವೆ ಬಂದ ಮೇಲೆ ರೈಲೂ ಬಂದೇ ಬರುತ್ತದೆ ಎಂದು ನನ್ನ ಅಂಗಡಿಯ ಮುಂದೆ ಕೂತು ಕೊರಗುತ್ತಿದ್ದ.

ಉಪಾಯ ಹೇಳಿದವನು ಅವನ ಭಾವಮೈದುನ ಲೋಕೇಶ್, ಸೈಟಿನ ದಲ್ಲಾಳಿ. ಮೇನ್ ರೋಡ್ ಅಗಲ ಮಾಡುವಾಗ ಏನಾಯಿತು, ಎಷ್ಟು ಅಂಗಡಿ ಒಡೆದರು, ಆಂಜನೇಯನ ಗುಡಿ ಮುಟ್ಟಿದರಾ ಎಂದು ಕೇಳಿದ. ರಸ್ತೆ ಗುಡಿಯನ್ನು ಬಳಸಿಕೊಂಡು ಹೋಗಿ ಮತ್ತೆ ತನ್ನ ದಾರಿ ಹಿಡಿದದ್ದನ್ನು ನಾವೆಲ್ಲ ನೋಡಿದ್ದೆವು. ರೈಲೂ ಹಾಗೇ ಒಂದಿಷ್ಟು ಬಳಸಿ ಹೋಗುತ್ತದೆ, ಯಾರಿಗೇನು ನಷ್ಟ ಎಂದ ಲೋಕೇಶ್. ನಮಗೆಲ್ಲ ಅದು ಸರಿಯೆಂದೇ ಕಂಡಿತು.

ಮಾರನೆಯ ಬೆಳಗ್ಗೆ ಬೇವಿನ ಬುಡದಲ್ಲಿ ಮೂರು ಕಲ್ಲು, ಅರಿಶಿನ, ಕುಂಕುಮ, ನಿಂಬೆಹಣ್ಣು. ಮುನೇಶ್ವರ ಕನಸಿನಲ್ಲಿ ಬಂದು, ನಾನು ಇಲ್ಲೇ ಇದ್ದೀನಿ, ನೆರಳು ಮಾಡು ಅಂದ ಎಂದು ಶ್ಯಾಮಣ್ಣ ಊರಿನವರಿಗೆಲ್ಲ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ. ಸುಳ್ಳೆಂದು ನನಗೆ ಗೊತ್ತಾಯಿತು, ಊರಿಗೂ ಗೊತ್ತಾಗಿರಬೇಕು. ಆದರೆ ಮುನೇಶ್ವರನನ್ನು ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ನೆರಳಿನ ಶೀಟು ನನ್ನ ಅಂಗಡಿಯಿಂದಲೇ ಹೋಯಿತು. ಬಾಡಿಗೆ ಮನೆಯ ಹೊಳೆವ್ವ ಹರಕೆ ಹೊತ್ತಳು, ಅವಳ ಮಗುವಿನ ಜ್ವರ ಇಳಿಯಿತು. ಅಲ್ಲಿಂದ ಮುಂದೆ ಅಪಾರ್ಟ್‌ಮೆಂಟಿನವರೂ ಹೊಸ ಕಾರಿಗೆ ನಿಂಬೆಹಣ್ಣು ತುಳಿಸಲು ಬರತೊಡಗಿದರು. ಪೂಜಾರಿ ಶ್ಯಾಮಣ್ಣನೇ.

ಸರ್ವೆಯವರು ಮತ್ತೆ ಬಂದರು, ಗುಡಿಗೆ ತೂಗುಹಾಕಿದ ಗಂಟೆ ನೋಡಿದರು, ಜನ ನೋಡಿದರು, ತಲೆ ಕೆರೆದುಕೊಂಡರು. ಗೆರೆ ಸರಿಸುವುದಾಗಿ ಒಪ್ಪಿದರು. ನಾವು ತಿಳಿಯದೆ ಹೋದದ್ದು ಇಷ್ಟೇ: ಅಂಥ ರೈಲು ರಸ್ತೆಯ ಹಾಗೆ ಗುಡಿ ಬಳಸಿ ಮತ್ತೆ ದಾರಿಗೆ ಬರುವುದಿಲ್ಲ. ಆ ವೇಗಕ್ಕೆ ಸಣ್ಣ ತಿರುವೂ ಆಗದು. ಬಿಗಿಯಾಗಿ ಎಳೆದು ಕಟ್ಟಿದ ಹಗ್ಗವನ್ನು ಒಂದು ಕಡೆ ಎತ್ತಿಟ್ಟರೆ ಉದ್ದಕ್ಕೂ ಸರಿಯುವಂತೆ, ಬೇವಿನ ಮರ ತಪ್ಪಿಸಲು ಮೈಲಿಗಟ್ಟಲೆ ಗೆರೆ ಸರಿಯಿತು. ಕೆರೆಯಾಚೆ, ಲಕ್ಷ್ಮಮ್ಮನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಹೊಸ ಹಳದಿ ಕಲ್ಲು ನೆಟ್ಟರು. ಗೆರೆ ಅವಳ ಮನೆಯನ್ನೂ ಮೂರು ಕೋಣೆಗಳನ್ನೂ ಸೀಳಿಕೊಂಡು ಹೋಗಿತ್ತು.

ಆಮೇಲಿನದು ಹೇಳಲು ನನಗೆ ಸಿಟ್ಟೇ ಬರುತ್ತದೆ. ಮುಂದಿನ ಊರಿನವರು ನಮ್ಮನ್ನು ನೋಡಿ ನಾಗರಕಲ್ಲು ನೆಟ್ಟರು. ಅದರಾಚೆಯ ಲೇಔಟಿನವರು ಕೋರ್ಟಿಗೆ ಹೋದರು. ಎಲ್ಲರಿಗೂ ರೈಲು ಬೇಕು, ಪಕ್ಕದವನ ಹೊಲದ ಮೇಲೆ ಬೇಕು. ಗೆರೆ ಅಲ್ಲಿ ಇಲ್ಲಿ ಸರಿದು ಸರಿದು, ಇಷ್ಟು ಡೊಂಕಾದರೆ ಈಗಿರುವ ರೈಲೇ ಸಾಕಲ್ಲ ಎಂದು ಮೇಲಿನವರು ವರದಿಯನ್ನು ಹಿಂದಕ್ಕೆ ಕಳಿಸಿದರಂತೆ. ಹೊಸ ಅಧಿಕಾರಿ ಬಂದ, ಹೊಸ ಸರ್ವೆ ಎಂದ, ಅವನಿಗೂ ವರ್ಗವಾಯಿತು. ರೈಲು ಕೈಬಿಟ್ಟೆವು ಎಂದು ಯಾರೂ ಹೇಳಲಿಲ್ಲ, ಕಟ್ಟುತ್ತೇವೆ ಎಂದೂ ಹೇಳಲಿಲ್ಲ.

ಲಕ್ಷ್ಮಮ್ಮನ ಮನೆ ಮಾತ್ರ ಆ ಗೆರೆಯ ಕೆಳಗೇ ಉಳಿಯಿತು. ಮೇಲೊಂದು ಅಂತಸ್ತು ಏರಿಸಲು ಪರ್ಮಿಷನ್ ಸಿಗಲಿಲ್ಲ. ಮಾರೋಣವೆಂದರೆ ಕಲ್ಲು ನೋಡಿದವರು ಗೇಟಿನಿಂದಲೇ ವಾಪಸ್. ಯಾವಾಗ ಒಡೀತಾರೆ ಎಂದು ಬಾಡಿಗೆಯವರು ಕೇಳಿ ಕೇಳಿ ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಹೆಣ್ಣು ನೋಡಲು ಬಂದವರು ಮಾಲಾಳಿಗಿಂತ ಹೆಚ್ಚಾಗಿ ಆ ಕಲ್ಲನ್ನೇ ನೋಡಿಕೊಂಡು ಹೋದರು. ಜೆಸಿಬಿ ಸದ್ದು ಎಲ್ಲಿ ಕೇಳಿದರೂ ಲಕ್ಷ್ಮಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಮ್ಮ ಕಡೆ ಜೆಸಿಬಿ ಸದ್ದಿಲ್ಲದ ಹೊತ್ತು ಯಾವುದಿದೆ?

ಕಳೆದ ಗೌರಿ ಹಬ್ಬಕ್ಕೆ ಶ್ಯಾಮಣ್ಣ ಎಂದಿನಂತೆ ತಂಗಿಗೆ ಬಾಗಿನ ಒಯ್ದ. ಅವನಿಗೆ ಮಂಡಿನೋವು, ನನ್ನ ಸ್ಕೂಟರಿನಲ್ಲೇ ಕರೆದುಕೊಂಡು ಹೋದೆ. ಲಕ್ಷ್ಮಮ್ಮ ಮಣೆ ಹಾಕಿ ಕೂರಿಸಿದಳು, ಕಾಫಿ ಕೊಟ್ಟಳು. ಆಮೇಲೆ ಅಣ್ಣನ ಎದುರು ನೆಲದ ಮೇಲೆ ಕುಳಿತಳು.

‘ಅಣ್ಣ, ಆ ಕನ್ಸು ನಿಂಗೆ ಬಿದ್ದೇ ಇಲ್ಲ ಅಂತ ನಂಗೊತ್ತು,’ ಎಂದಳು. ‘ಅಪ್ಪನಿಗೋಸ್ಕರ ಯೋಳ್ದೆ, ಸರೀನೆ. ನಾನೂ ಕೈ ಮುಗ್ದೆ. ಈಗ ನಂಗೋಸ್ಕರ ಇನ್ನೊಂದ್ ಕನ್ಸು ಕಾಣು.’

ಶ್ಯಾಮಣ್ಣ ಲೋಟ ಕೆಳಗಿಟ್ಟ. ‘ಎಲ್ಡನೇ ಕನ್ಸು ಯಾರೂ ನಂಬಲ್ಲ ಕಣವ್ವ.’

‘ಅಂಗಾದ್ರೆ ಮೊದ್ಲನೇದು ಸುಳ್ಳು ಅಂತ ಯೋಳ್ಬುಡು.’

‘ಅಪ್ಪನ್ ಮ್ಯಾಲೆ ರೈಲು ಓಡಿಸ್ಲಾ, ಲಕ್ಷ್ಮೀ?’ ಎಂದ.

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು, ಎರಡು ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ತವರಿನ ಬಾಗಿನ ಬೇಡ ಎನ್ನುವ ಹೆಣ್ಣುಮಗಳು ನಮ್ಮಲ್ಲಿಲ್ಲ. ಮೊರವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದವಳು ನಾವು ಹೊರಡುವಾಗ ಬಾಗಿಲಿಗೆ ಬರಲಿಲ್ಲ. ದಾರಿಯಲ್ಲಿ ಶ್ಯಾಮಣ್ಣ ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಅತ್ತ. ನನಗೆ ಅವನ ಮೇಲೆ ಕೋಪವೂ ಬಂತು, ಪಾಪ ಎಂದೂ ಅನ್ನಿಸಿತು. ನಾಳೆಯೇ ಆಫೀಸಿಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದ. ಮಾರನೆಯ ದಿನ ಹೊರಟೂ ಹೊರಟ, ಸಂಜೆ ವಾಪಸ್ ಬಂದ. ಟ್ರಾಫಿಕ್ ಜಾಸ್ತಿ ಇತ್ತು, ಹೋಗುವಷ್ಟರಲ್ಲಿ ಆಫೀಸು ಮುಚ್ಚಿತ್ತು ಎಂದ. ಹೇಳುವಾಗ ಮತ್ತೆ ನೆಲ ನೋಡುತ್ತಿದ್ದ.

ಅದೇ ತಿಂಗಳ ಕೊನೆಗೆ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಲಕ್ಷ್ಮಮ್ಮ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಬಂದಳು. ಅಪ್ಪನಿಗೆ ಇಷ್ಟವಾದ ವಡೆ, ಕಜ್ಜಾಯ ಮಾಡಿಕೊಂಡು ಬಂದಿದ್ದಳು. ಮುನೇಶ್ವರನ ಕಡೆ ತಿರುಗಿಯೂ ನೋಡದೆ ನೇರ ಸಮಾಧಿಯ ಹತ್ತಿರ ಹೋಗಿ ಎಲೆ ಹಾಸಿದಳು, ಬಡಿಸಿದಳು, ಊದುಬತ್ತಿ ಹಚ್ಚಿದಳು. ಅಣ್ಣ ಪಕ್ಕದಲ್ಲಿ ನಿಂತಿದ್ದ. ಸಮಾಧಿಯ ಮಣ್ಣನ್ನು, ಮಲಗಿದವರ ಮೈದಡವುವ ಹಾಗೆ, ಕೈಯಿಂದ ಸವರಿದಳು.

‘ಅಪ್ಪಾ, ನಿನ್ ಜಾಗ ಗಟ್ಟಿಯಾಯ್ತು,’ ಎಂದಳು. ‘ನನ್ ಮನೆ ಒಡೆದ್ಬುಟ್ರೆ ನಾನೂ ಇಲ್ಗೇ ಬತ್ತೀನಿ. ಒಸಿ ಜರುಗ್ಕೋ.’

ಎಡೆಗೆ ನೀರು ಸುತ್ತಬೇಕಾದವನು ಶ್ಯಾಮಣ್ಣ. ತಂಗಿಯ ಮುಖವನ್ನೇ ನೋಡುತ್ತ ಚೊಂಬು ಬಗ್ಗಿಸಿದ, ನೀರೆಲ್ಲ ಅವನ ಕಾಲ ಮೇಲೆಯೇ ಚೆಲ್ಲಿತು.