ತಾಯಣ್ಣ ಮಾಸ್ತರರ ಪಂಕ್ತಿ ಪಾಠ

ದೇವದುರ್ಗದ ಹೈಸ್ಕೂಲಿನಲ್ಲಿ ತಾಯಣ್ಣ ಮಾಸ್ತರರು ಇಂಗ್ಲಿಷ್ ವ್ಯಾಕರಣ ಹೇಳತೊಡಗಿದರೆ ಹುಡುಗರಿಗೆ ಹಸಿವಾಗುತ್ತಿತ್ತು. ‘ರೀಡಿಂಗ್, ರನ್ನಿಂಗ್ ಅಂಡ್ ಟು ಸಿಂಗ್’ ಎಂದು ಯಾರಾದರೂ ಬರೆದರೆ ಸಾಕು, ಶುರುವಾಗುತ್ತಿತ್ತು: “ಲೇ, ಮೂವರೂ ಒಂದೇ ಪಂಕ್ತಿಗೆ ಕುಂತಾರ. ಇಬ್ಬರಿಗೆ ಹೋಳಿಗಿ, ಒಬ್ಬಂಗ ಒಣರೊಟ್ಟಿ ಬಡಿಸ್ತಿಯೇನು? ಅವಂಗೂ ಸಿಂಗಿಂಗ್ ಅಂತ ಬಡಸು!” ಹುಡುಗರು ನಗುತ್ತಿದ್ದರು. ಪಂಕ್ತಿಭೇದ ಮಾಡಬಾರದು, ಅಷ್ಟೇ. ಗೈಡಿನ ಎರಡು ಪುಟ ಆ ಒಂದು ಮಾತಿನಲ್ಲಿ ತಲೆಗೆ ಹತ್ತುತ್ತಿತ್ತು.

ಮಾಸ್ತರರು ಮಾನ್ವಿಯ ಊರ ಹೊರಗಿನ ಕೇರಿಯವರು. ಅವರವ್ವ ಶೇಖಮ್ಮ ದೊಡ್ಡವರ ಮದುವೆಗಳಲ್ಲಿ ಹಿತ್ತಲಾಚೆ ನಿಂತು, ಮಿಕ್ಕಿದ್ದನ್ನು ಸೆರಗಿಗೆ ಹಾಕಿಸಿಕೊಂಡು ತಂದು ಮಗನನ್ನು ಬೆಳೆಸಿದವಳು. ಮಗ ಅಂಥವರ ಸಾಲಿನಲ್ಲಿ ಕೂತು ಉಂಡನೆಂಬ ಸುದ್ದಿ ಕೇಳಿಯೇ ಸಾಯಬೇಕೆಂದು ಅವಳ ಆಸೆ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಆ ಕರೆ ಬಂತು. ವಿದ್ಯಾರ್ಥಿಯೊಬ್ಬನ ಅಪ್ಪ, ಅರಕೇರಾ ಕಡೆಯ ಗೌಡ, ಮಾಸ್ತರರಿಗೆಲ್ಲ ಊಟ ಇಟ್ಟುಕೊಂಡ. ಶೇಖಮ್ಮ ಬಸ್ಸು ಹತ್ತಿ ದೇವದುರ್ಗಕ್ಕೇ ಬಂದು, ಮಗನ ಅಂಗಿಗೆ ಇಸ್ತ್ರಿ ಹಾಕಿಸಿ ಕಳಿಸಿದಳು.

ಗೌಡನ ಪಡಸಾಲೆಯಲ್ಲಿ ಎಲೆ ಹಾಕಿದ್ದರು. ತಾಯಣ್ಣ ಹೆಡ್ ಮಾಸ್ತರರ ಪಕ್ಕ ಕೂರಲು ಬಗ್ಗಿದಾಗ ಗೌಡ ನಯವಾಗಿಯೇ ಅಂದ: “ಮಾಸ್ತರ, ನಿಮಗ ಅಂಗಳದಾಗ ಹಾಕೀವಿ, ಬರ್ರಿ. ಅಡಗಿ ಮಾತ್ರ ಎಲ್ಲಾರಿಗೂ ಒಂದೇ ಅದ.”

ಹೆಡ್ ಮಾಸ್ತರರು ಉಪ್ಪಿನಕಾಯಿ ನೋಡುತ್ತ ಕೂತರು. ಥೂ, ಇವರ ಓದಿಗಿಷ್ಟು! ತಾಯಣ್ಣ ದನದ ಗೋದಲಿಯ ಪಕ್ಕ ಕೂತು ಉಂಡರು. ಎದ್ದು ಹೋಗಿದ್ದರೆ ನೌಕರಿಗೇ ಕುತ್ತು. ಗೌಡನ ಕೈ ಅಷ್ಟು ಉದ್ದ.

ಮುಂದೆ ಯರಗೇರಾದಲ್ಲಿ, ರಾಯಚೂರಿನಲ್ಲಿ ಎಷ್ಟೋ ವರ್ಷ ಪಾಠ ಮಾಡಿದರು. ಪಂಕ್ತಿಯ ಮಾತೆತ್ತದೆ ಗೈಡಿನ ಎರಡು ಪುಟವನ್ನೇ ಓದಿಸಿದರು. ಅದು ಆಮೇಲಿನ ಮಾತು. ಆ ದಿನ ಮನೆಗೆ ಹೋಗುವುದೇ ಅವರಿಗೆ ಕಷ್ಟವಾಗಿತ್ತು.

ಶೇಖಮ್ಮ ಬಾಗಿಲಲ್ಲೇ ನಿಂತಿದ್ದಳು. “ಎಲ್ಲಿ ಕುಂದರಿಸಿದ್ರಪ್ಪಾ?”

“ಹೆಡ್ ಮಾಸ್ತರ ಬಾಜೂಕ, ಯವ್ವಾ.”

ಮುದುಕಿ ಸಂತೋಷಕ್ಕೆ ಅತ್ತೇಬಿಟ್ಟಳು. ಮೂಗೊರೆಸಿಕೊಂಡು ಮಗನ ಕೈ ಹಿಡಿದಳು.

“ಉಂಡು ಬಂದು ಸುಮ್ಮನ ಕುಂದರಬಾರದಪ್ಪಾ. ಬರೋ ಐತವಾರ ಗೌಡ್ರನ್ನ ಮಾನ್ವಿಗೆ, ನಮ್ಮನಿಗೆ ಊಟಕ್ಕ ಕರಿ. ನಾನ ಮನಿ ಸಾರಿಸಿ, ನನ್ನ ಕೈಯಾರ ಬಡಿಸ್ತೀನಿ.”

ಮಾಸ್ತರರು ಹೂಂ ಅಂದರು.